ತುಮಕೂರು ಟ್ಯಾಕ್ಸಿಯಲ್ಲಿ ಕಿವಿಗೊಟ್ಟು ಕೂತು ನಾಟಕ ಬರೆದದ್ದು

ಬೀದಿನಾಟಕಕ್ಕೆ ಮಾತು ಬರೆಯುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಲಂಚ, ಸ್ಕೂಲ್ ಫೀಸು, ಬೆಲೆ ಏರಿಕೆ ಅಂತ ವಿಷಯ ಇಟ್ಟುಕೊಂಡು ಮನೆಯಲ್ಲಿ ಕೂತು ಬರೆದರೆ ಪಾತ್ರಗಳೆಲ್ಲ ಭಾಷಣ ಶುರು ಮಾಡುತ್ತವೆ. ಜನ ಎರಡು ನಿಮಿಷ ನಿಂತು, ಬಸ್ಸು ಬಂದ ಕೂಡಲೇ ಹತ್ತಿ ಹೋಗುತ್ತಾರೆ. ನಾನು ಕಂಡುಕೊಂಡ ದಾರಿ ಬೆಂಗಳೂರು–ತುಮಕೂರು ಶೇರ್ ಟ್ಯಾಕ್ಸಿ. ಗೊರಗುಂಟೆಪಾಳ್ಯದಲ್ಲಿ 'ತುಮ್ಕೂರ್, ತುಮ್ಕೂರ್' ಅಂತ ಕೂಗಿ ಸೀಟು ತುಂಬಿಸುತ್ತಾರಲ್ಲ, ಅದೇ. ತಂಡದವರು ನಕ್ಕರು. 'ನಾಲ್ಕು ಜನ ಸರ್ಕಾರಕ್ಕೆ ಬೈಯೋದನ್ನ ಕೇಳೋಕೆ ದುಡ್ಡು ಕೊಟ್ಟು ಹೋಗ್ಬೇಕಾ? ಟೀ ಅಂಗಡೀಲಿ ಬಿಟ್ಟಿ ಸಿಗುತ್ತೆ' ಅಂದರು.

ಟೀ ಅಂಗಡಿಯನ್ನೂ ನೋಡಿಯೇ ಬಿಟ್ಟಿದ್ದೆ. ಅಲ್ಲಿ ಬರುವವರು ಅದೇ ನಾಲ್ಕು ಜನ. ನಿನ್ನೆ ಬೈದದ್ದನ್ನೇ ಇವತ್ತೂ ಬೈಯುತ್ತಾರೆ. ಒಬ್ಬ ಬಾಯಿ ತೆರೆದರೆ ಮುಂದಿನ ಮಾತು ಉಳಿದವರಿಗೆ ಗೊತ್ತು.

ಟ್ಯಾಕ್ಸಿಯಲ್ಲಿ ಮೊದಲು ರೆಕಾರ್ಡರ್ ಇಟ್ಟುಕೊಂಡೆ. ಸುಮಾರು 5,000 ರೂಪಾಯಿ ಹೋಯಿತು. ಮನೆಗೆ ಬಂದು ಕೇಳಿದರೆ ಗಾಳಿ, ಹಾರನ್, ಡ್ರೈವರಣ್ಣನ ಹಾಡು. ಅದೂ ಅಲ್ಲದೆ, ಹೇಳದೆ ಕೇಳದೆ ಜನರ ದನಿ ಹಿಡಿಯೋದು ನನಗೆ ಸರಿ ಬರಲಿಲ್ಲ. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಫೋನಿನಲ್ಲಿ ಟೈಪ್ ಮಾಡಿ ನೋಡಿದೆ. ಪಕ್ಕದವರು ಇಣುಕಿ ನೋಡಿ ಬಾಯಿ ಮುಚ್ಚಿಕೊಂಡರು. ನೇರವಾಗಿ ಕೇಳಿದ್ದಂತೂ ಎಲ್ಲಕ್ಕಿಂತ ದಂಡ. 'ಇವತ್ತಿನ ಸಮಾಜದ ಬಗ್ಗೆ ಏನನ್ಸುತ್ತೆ ಸಾರ್?' ಅಂದರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಟೀವಿಯವರ ಹಾಗೆ ಮಾತಾಡುತ್ತಾರೆ. ಒಂದು ಸಾಲೂ ನಾಟಕಕ್ಕೆ ಬರಲ್ಲ.

ನಗರದೊಳಗೆ ಆ್ಯಪ್ ಟ್ಯಾಕ್ಸಿಗಳಲ್ಲಿ ಸೀಟು ಹಂಚಿಕೊಂಡು ಹೋಗುವುದಿತ್ತಲ್ಲ, ಅದನ್ನೂ ನೋಡಿದ್ದೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. 2017ರಲ್ಲಿ ಅದಕ್ಕೆ ಸಾರಿಗೆ ಇಲಾಖೆ ತಕರಾರು ತೆಗೆಯಿತು. ಟ್ಯಾಕ್ಸಿ ಅಂದರೆ ಕಾಂಟ್ರ್ಯಾಕ್ಟ್ ಕ್ಯಾರೇಜ್, ಅಂದರೆ ಇಡೀ ಗಾಡಿಯನ್ನು ಒಟ್ಟಿಗೆ ಬಾಡಿಗೆಗೆ ಹಿಡಿಯುವಂಥದ್ದು, ಬಸ್ಸಿನ ಹಾಗೆ ದಾರಿಯಲ್ಲಿ ಬಿಡಿ ಜನರನ್ನು ಹತ್ತಿಸಿ ಇಳಿಸುವಂತಿಲ್ಲ ಅಂತ. ಈ ನಿಯಮದಿಂದ ನನಗಾದ ಲಾಭ ಬೇರೆಯೇ. ಹೈವೇ ಟ್ಯಾಕ್ಸಿಯಲ್ಲಿ ಹೊರಡುವಾಗಲೇ ಡ್ರೈವರಣ್ಣ ಹೇಳುತ್ತಾನೆ: 'ಯಾರಾದ್ರೂ ಗಾಡಿ ನಿಲ್ಸಿ ಕೇಳಿದ್ರೆ ಎಲ್ರೂ ಒಂದೇ ಮನೆಯವರು ಅನ್ನಿ.' ಹಿಂದಿನ ಸೀಟಿನಿಂದ ಯಾರೋ, 'ಹಂಗಾದ್ರೆ ಯಾರ್ ಯಾರಿಗೆ ಏನಾಗ್ಬೇಕು, ಈಗ್ಲೇ ಹೇಳ್ಬಿಡಿ' ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅಲ್ಲಿಂದ ಮಾತು ಶುರು. ನಾನು ಏನೂ ಮಾಡಬೇಕಾಗಿಲ್ಲ.

ಆದರೂ ಮೊದಲ ವರ್ಷ ಬರೆದ ನಾಟಕ ಬಿತ್ತು. ಒಳ್ಳೊಳ್ಳೆ ಸಾಲುಗಳನ್ನು ಆರಿಸಿ ತಂದು ಪಾತ್ರಗಳ ಬಾಯಿಗೆ ಇಟ್ಟಿದ್ದೆ. ಒಂದೊಂದೂ ಚೆನ್ನಾಗಿದ್ದವು, ಒಟ್ಟಿಗೆ ಸೇರಿದರೆ ಮತ್ತೆ ಭಾಷಣ. ಸೀಟಿಗೆ ಆಗ 100–120 ರೂಪಾಯಿ, ಹಬ್ಬದ ಹಿಂದಿನ ದಿನ ಅವರು ಕೇಳಿದ್ದೇ ರೇಟು. ಆ ವರ್ಷ ಏಳೆಂಟು ಸಾವಿರ ಖರ್ಚಾಗಿರಬೇಕು. ನಾಟಕ ಮುಗಿದ ಮೇಲೆ ಟವೆಲ್ ಹಿಡಿದರೆ 300 ದಾಟುತ್ತಿರಲಿಲ್ಲ. ಮನೆಯಲ್ಲಿ ಏನಂದರು ಅಂತ ಬರೆಯೋದು ಬೇಡ.

ದಾರಿ ತೋರಿಸಿದ್ದು ಪೀಣ್ಯ ಫ್ಲೈಓವರ್. 2021ರ ಡಿಸೆಂಬರ್ ಕೊನೆಯಲ್ಲಿ ಅದನ್ನು ಮುಚ್ಚಿದರು. ಫೆಬ್ರವರಿಯಲ್ಲಿ ಸಣ್ಣ ಗಾಡಿಗಳಿಗೆ ಬಿಡುವ ತನಕ ಎಲ್ಲರೂ ಕೆಳಗಿನ ರಸ್ತೆಯಲ್ಲಿ ತೆವಳಬೇಕಿತ್ತು. ಬೇರೆಯವರಿಗೆ ಕಷ್ಟ, ನನಗೆ ಸುಗ್ಗಿ. ಒಂದೂವರೆ ಗಂಟೆಯ ದಾರಿ ಎರಡೂವರೆ ಗಂಟೆ ಆಗುತ್ತಿತ್ತು. ಮಾಸ್ಕ್ ಹಾಕಿದ ಬಾಯಿಗಳು, ಅರ್ಧ ಮಾತು ಕೇಳುತ್ತಿರಲಿಲ್ಲ. ಮಾತು ಕೇಳದಿದ್ದಾಗ ಅದು ಯಾವ ಕಡೆ ಹೊರಳುತ್ತಿದೆ ಅನ್ನೋದು ಮಾತ್ರ ಕಾಣುತ್ತಿತ್ತು. ಬಹುಪಾಲು ಸಲ ಒಂದೇ ದಿಕ್ಕು. ಮೊದಲು ದೂರದವರಿಗೆ ಬೈಗುಳ, ಆಮೇಲೆ ಹತ್ತಿರದವರಿಗೆ, ಇಳಿಯುವ ಹೊತ್ತಿಗೆ ಸ್ವಂತ ಮನೆಗೆ.

ನೆಲಮಂಗಲದ ಟೋಲ್ ತನಕ ಟೋಲ್, ಪೆಟ್ರೋಲ್, ರಾಜಕಾರಣಿಗಳು. ಇಲ್ಲಿ ಎಲ್ಲರೂ ಹೂಂಗುಟ್ಟುತ್ತಾರೆ, ನಾಟಕಕ್ಕೆ ಅಷ್ಟು ಉಪಯೋಗವಿಲ್ಲ. ಅದು ದಾಟಿದ ಮೇಲೆ ಖಾತೆ, ಪಹಣಿ, ತಾಲ್ಲೂಕು ಕಚೇರಿ. ದಾಬಸ್‌ಪೇಟೆ ಬರುವಷ್ಟರಲ್ಲಿ ಮಕ್ಕಳ ಫೀಸು, ಮದುವೆ ಖರ್ಚು. ಕ್ಯಾತ್ಸಂದ್ರ ಹತ್ತಿರ ಬಂತು ಅಂದರೆ ದನಿ ಇಳಿಯುತ್ತದೆ. ಅದುವರೆಗೆ ಲಂಚಕೋರರಿಗೆ ಶಾಪ ಹಾಕಿದ ಯಜಮಾನರು, 'ನಾನೂ ಕೊಟ್ಟೆ ಅನ್ನಿ, ಮಗನ ಕೆಲಸ ಅಲ್ವಾ' ಅನ್ನುತ್ತಾರೆ. ಈಗಿನ ಕಾಲದ ಹುಡುಗರಿಗೆ ಮರ್ಯಾದೆ ಇಲ್ಲ ಅಂತ ಶುರು ಮಾಡಿದ ಅಜ್ಜಿ, 'ಮಗ ಬೆಂಗ್ಳೂರಲ್ಲಿ ಎರಡು ರೂಮಿನ ಮನೆ ಮಾಡವ್ನೆ ಕಣಪ್ಪ. ನಾನು ಹೋದ್ರೆ ಸೋಫಾ ಮೇಲೆ ಮಲಗ್ಬೇಕು' ಅಂತ ಹೇಳಿ ಚೀಲ ಎತ್ತಿಕೊಳ್ಳುತ್ತಾರೆ. ಯಾರದ್ದೂ ಗುರುತು ಸಿಗದ ಹಾಗೆ ಬದಲಿಸಿಯೇ ಬರೆಯುತ್ತೇನೆ, ಇಲ್ಲೂ ಅಷ್ಟೇ.

ಅಂದಿನಿಂದ ಸಾಲು ಹೆಕ್ಕುವುದು ಬಿಟ್ಟು ಕ್ರಮ ಹಿಡಿದುಕೊಂಡೆ. ಯಾವುದಾದ ಮೇಲೆ ಯಾವುದು ಬಂತು, ಯಾರು ಹೂಂ ಅಂದರು, ಯಾರು ಕಿಟಕಿ ಕಡೆ ತಿರುಗಿದರು. ಒಂದೊಂದು ಜಾಗಕ್ಕೆ ಒಂದೊಂದು ಮಾತು ಕಟ್ಟಿ ಇಟ್ಟುಕೊಳ್ಳುತ್ತೇನೆ: ಟೋಲ್‌ಗೆ ಇದು, ದಾಬಸ್‌ಪೇಟೆಗೆ ಅದು. ಇಳಿದ ತಕ್ಷಣ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆದುಬಿಡಬೇಕು. ಊಟಕ್ಕೆ ಹೋದರೆ ಅರ್ಧ ಹಾರಿಹೋಗುತ್ತದೆ. ಒಂದು ಸವಾರಿಯಲ್ಲಿ ಎಂಟ್ಹತ್ತು ದೂರು ಸಿಗುತ್ತವೆ, ಒಂದೋ ಎರಡೋ ನಿಲ್ಲುತ್ತವೆ. ಮಾತು ನಿಂತುಹೋದರೆ ಮತ್ತೆ ಎಬ್ಬಿಸೋಕೆ ನನ್ನ ಹತ್ತಿರ ಎರಡು ಪದಗಳ ಒಂದು ಪ್ರಶ್ನೆ ಇದೆ. ಅದನ್ನು ಹೇಳಲ್ಲ. ಯಾವ ಸೀಟು ಅನ್ನೋದನ್ನೂ ಹೇಳಲ್ಲ, ಮುಂದಿನ ಸೀಟಲ್ಲ ಅಷ್ಟೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಟ್ಯಾಕ್ಸಿಗೆ ಬರೋದು ತುಂಬಾ ಕಡಿಮೆಯಾಯಿತು. ಬಸ್ಸು ಫ್ರೀ ಇರುವಾಗ ಯಾರು ದುಡ್ಡು ಕೊಡ್ತಾರೆ? ಗಾಡಿಯಲ್ಲಿ ಗಂಡಸರೇ ತುಂಬಿದರು, ಮಾತು 'ನಮಗೇನ್ ಕೊಟ್ರು' ಅನ್ನೋದರಲ್ಲೇ ಸುತ್ತುತ್ತಿತ್ತು. ಸರಿ ಅಂತ ನಾನೂ ಕೆಲವು ವಾರ ಬಸ್ಸು ಹತ್ತಿದೆ. ಅಲ್ಲಿ ದೂರು ಜಾಸ್ತಿ, ಆದರೆ ಎಲ್ಲ ಆ ಕ್ಷಣದ್ದು: ಸೀಟು, ನೂಕು, ಆಧಾರ್ ಕಾರ್ಡು, ಕಂಡಕ್ಟರ್. ಮನೆ ತನಕ ಬರುವುದಿಲ್ಲ. ರೈಲಿನಲ್ಲಿ ಪಾಸಿನವರು ಎಲ್ಲರೂ ಪರಿಚಯ, ಆಫೀಸಿನವರ ಚಾಡಿಯೇ ಜಾಸ್ತಿ. ಹೆಣ್ಣುಮಕ್ಕಳ ಮಾತಿಗೆ ಈಗ ಸಂಜೆ ಕತ್ತಲಾದ ಮೇಲಿನ ಟ್ಯಾಕ್ಸಿ ಹಿಡಿಯುತ್ತೇನೆ. ಬಸ್ಸಿನಲ್ಲಿ ನಿಲ್ಲೋಕಾಗದವರು, ಮಗು ಎತ್ತಿಕೊಂಡವರು ಆಗ ಬರುತ್ತಾರೆ.

ಕ್ರಮ ಹಿಡಿದು ಬರೆದ ನಾಟಕ ಇಪ್ಪತ್ತೈದು ನಿಮಿಷದ್ದು. ನಾಲ್ಕು ಕುರ್ಚಿ, ಒಂದು ಸ್ಟೇರಿಂಗ್, ಅಷ್ಟೇ ಸಾಮಾನು. ಬಸ್ಸು ಬಿಟ್ಟು ನಿಂತು ನೋಡಿದವರನ್ನು ಕಣ್ಣಾರೆ ಕಂಡೆ. ಟವೆಲ್‌ನಲ್ಲಿ 1,500 ದಾಟಿದ್ದೂ ಉಂಟು. ಮೊದಲು ನಕ್ಕ ತಂಡದವರಲ್ಲೇ ಒಬ್ಬರು ಈಗ ಮೈಸೂರು ರಸ್ತೆಯ ಟ್ಯಾಕ್ಸಿಗಳಲ್ಲಿ ಇದೇ ಕೆಲಸ ಶುರು ಮಾಡಿದ್ದಾರೆ, ನನಗೆ ಹೇಳದೆ. ತಂಡದಿಂದ ನನಗೆ ಟ್ಯಾಕ್ಸಿ ಖರ್ಚು ಬರುತ್ತಿದೆ, ಹೋಗುವ ಕಡೆಯದು ಮಾತ್ರ. ವಾಪಸ್ ಬರುವ ಸೀಟಿನ ದುಡ್ಡಿಗೆ ಇನ್ನೂ ಜಗಳ ನಡೆದಿದೆ.