ಬಚ್ಚಲು ಮನೆಯಲ್ಲೊಂದು ಎಕೋ ಛೇಂಬರ್

ಯಕ್ಷಗಾನದ ಭಾಗವತರ ಪದ್ಯಕ್ಕೆ ಕಂಪ್ಯೂಟರಿನ ರಿವರ್ಬ್, ಅಂದರೆ ಕೃತಕ ಮಾರ್ದನಿ, ಹಾಕಿ ಹಾಕಿ ನನಗೆ ಸಾಕಾಗಿತ್ತು. ಯಾರು ಹಾಡಿದರೂ ಒಂದೇ ಗಾಜಿನ ಕೋಣೆಯಲ್ಲಿ ನಿಂತು ಹಾಡಿದ ಹಾಗೆ ಕೇಳುತ್ತಿತ್ತು. ಮಲ್ಪೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಳೇ ಹೆಂಚಿನ ಮನೆಯೇ ನನ್ನ ಸ್ಟುಡಿಯೋ. ಅದರ ಹಿಂದೆ ಬಳಕೆಯಿಲ್ಲದ ಬಚ್ಚಲು ಮನೆ ಸುಮ್ನೆ ಬಿದ್ದಿತ್ತು. ಅದನ್ನೇ ಎಕೋ ಛೇಂಬರ್ ಮಾಡಿಕೊಂಡೆ. ನೀವೂ ಮಾಡಬಹುದು.

ಇದು ಹಳೇ ವಿದ್ಯೆ. ಶಿಕಾಗೋದ ರೆಕಾರ್ಡಿಂಗ್ ಎಂಜಿನಿಯರ್ ಬಿಲ್ ಪುಟ್ನಮ್ 1947ರಲ್ಲಿ ಸ್ನಾನದ ಕೋಣೆಯನ್ನೇ ಇದಕ್ಕೆ ಬಳಸಿದ್ದರು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋ ತೆರೆದದ್ದು 1931ರಲ್ಲಿ. ಅಲ್ಲಿ ಎರಡನೇ ನಂಬರಿನ ಸ್ಟುಡಿಯೋಕ್ಕೆ ಸೇರಿದ ಛೇಂಬರಿನಲ್ಲಿ ಚರಂಡಿಗೆ ಹಾಕುವ ಹೊಳಪಿನ ಮಣ್ಣಿನ ಪೈಪುಗಳನ್ನು ನಿಲ್ಲಿಸಿದ್ದರು. ಕೆಲಸ ಇಷ್ಟೇ: ಖಾಲಿ ಕೋಣೆಯಲ್ಲಿ ಸ್ಪೀಕರಿನಿಂದ ಹಾಡು ಬಿಡುವುದು, ಅಲ್ಲಿ ಏಳುವ ಮಾರ್ದನಿಯನ್ನು ಮೈಕಿನಲ್ಲಿ ಹಿಡಿದು ಮೂಲ ಹಾಡಿಗೆ ಸ್ವಲ್ಪ ಬೆರೆಸುವುದು.

ಮೊದಲು ಗೋಡೆ ನೋಡಿ. ನಮ್ಮ ಕಡೆಯ ಕೆಂಪುಕಲ್ಲಿನಲ್ಲಿ ತೂತು ಜಾಸ್ತಿ. ಅದು ಹಾಡಿನ ಮೇಲಿನ ಹೊಳಪನ್ನೆಲ್ಲ ಕುಡಿದುಬಿಡುತ್ತದೆ. ಹಾಗಾಗಿ ಸಿಮೆಂಟು ಗಾರೆ ಮಾಡಿಸಿ, ಚೆನ್ನಾಗಿ ನಯಗೊಳಿಸಿ, ಮೇಲೆ ಎರಡು ಕೋಟ್ ಆಯಿಲ್ ಪೇಂಟ್ ಹೊಡೆಯಿರಿ. ಟೈಲ್ಸ್ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ಸ್ಲ್ಯಾಬ್ ಇರಲಿ. ಹೆಂಚಿನ ಮಾಡಾದರೆ ಸಂದಿಗಳಿಂದ ಸದ್ದು ಸೋರಿ ಹೋಗುತ್ತದೆ, ಮಳೆಯ ಸದ್ದು ಒಳಗೆ ಬರುತ್ತದೆ.

ಈಗ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟ್ರ್ರ್ ಎಂದು ನಡುಗಿದ ಹಾಗೆ ಕೇಳಿದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಆಡಿಸುತ್ತಿವೆ ಎಂದರ್ಥ. ನಾನು ಒಂದು ಹಳೇ ಬಾಗಿಲನ್ನು ಗೋಡೆಗೆ ಓರೆಯಾಗಿ ಒರಗಿಸಿದೆ. ಗುಜರಿ ಅಂಗಡಿಯಿಂದ ಐದು ಪೈಪು ತಂದು ಅಲ್ಲಲ್ಲಿ ನಿಲ್ಲಿಸಿದೆ. ನಡುಕ ಹೋಯಿತು.

ಕೋಣೆಯಲ್ಲಿ ಲೋಹದ ಸಾಮಾನು ಒಂದನ್ನೂ ಬಿಡಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ತಾಮ್ರದ ಹಂಡೆ ಒಲೆಯ ಮೇಲೆ ಹಾಗೇ ಇತ್ತು. ಭಾರ ಅಂತ ತೆಗೆದಿರಲಿಲ್ಲ. ಹಿರಿಯ ಭಾಗವತರೊಬ್ಬರು ಮೇಲಿನ ಷಡ್ಜ ಹಿಡಿದಾಗಲೆಲ್ಲ ಮಾರ್ದನಿಯಲ್ಲಿ ಒಂದು ಸಣ್ಣ ಗುಂಯ್ ಉಳಿದುಕೊಳ್ಳುತ್ತಿತ್ತು. ಎರಡು ದಿನ ಕೇಬಲ್ ಬದಲಿಸಿದೆ, ಮೈಕ್ ಬದಲಿಸಿದೆ. ಕೊನೆಗೆ ಅವರೇ ಹೆಡ್‌ಫೋನ್ ಹಾಕಿ ಕೇಳಿ, “ಮಾರಾಯ, ಇದು ನನ್ನ ಸ್ವರ ಅಲ್ಲ, ಒಳಗೆ ಏನೋ ಪಾತ್ರೆ ಉಂಟು” ಎಂದರು. ಹಂಡೆಗೆ ಬೆರಳಿನಿಂದ ಬಡಿದು ನೋಡಿದರೆ ಅದೇ ಸ್ವರ! ಇಬ್ಬರು ಹಿಡಿದು ಅಂಗಳಕ್ಕೆ ಸಾಗಿಸಿದೆವು.

ಐದು ಇಂಚಿನ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವಂಥದ್ದು) ಸಾಕು. ಅದರ ಮುಖ ಮೂಲೆಗೆ ಇರಲಿ, ಮೈಕಿನ ಕಡೆಗೆ ಬೇಡ. ನೇರ ಸದ್ದು ಮೈಕಿಗೆ ಬಿದ್ದರೆ ಅದು ಮಾರ್ದನಿಯೇ ಅಲ್ಲ, ಬರೀ ಎರಡನೇ ಕಾಪಿ. ಮೈಕನ್ನು ಎದುರಿನ ಮೂಲೆಯಲ್ಲಿ, ಎದೆಯೆತ್ತರಕ್ಕೆ ಗೋಡೆಯ ಕಡೆ ತಿರುಗಿಸಿಡಿ.

ಕಂಪ್ಯೂಟರಿಗೆ ಮೈಕು, ಸ್ಪೀಕರುಗಳನ್ನು ಜೋಡಿಸುವ ಆಡಿಯೋ ಇಂಟರ್‌ಫೇಸಿನಲ್ಲಿ ಕನಿಷ್ಠ ಮೂರು ಔಟ್‌ಪುಟ್ ಬೇಕು. ಭಾಗವತರ ಟ್ರ್ಯಾಕಿನಿಂದ ಒಂದು ಸೆಂಡ್, ಅಂದರೆ ಹಾಡಿನ ಒಂದು ಕವಲು, ತೆಗೆದು ಮೂರನೇ ಔಟ್‌ಪುಟ್ಟಿನ ಮೂಲಕ ಛೇಂಬರಿನ ಸ್ಪೀಕರಿಗೆ ಕೊಡಿ. ಮೈಕಿನಿಂದ ಬಂದದ್ದಕ್ಕೆ ಬೇರೆ ಟ್ರ್ಯಾಕ್. ಆ ಟ್ರ್ಯಾಕ್ ಮಾತ್ರ ಅಪ್ಪಿತಪ್ಪಿಯೂ ಮೂರನೇ ಔಟ್‌ಪುಟ್ಟಿಗೆ ಹೋಗಬಾರದು. ಹೋದರೆ ಕೂಗು ಹೊಡೆದು ಸ್ಪೀಕರ್ ಕೈಕೊಡುತ್ತದೆ.

ಸೆಂಡಿನಲ್ಲಿ 600 ಹರ್ಟ್ಸ್‌ನ ಕೆಳಗಿನದ್ದನ್ನೂ 10 ಕಿಲೋಹರ್ಟ್ಸ್‌ನ ಮೇಲಿನದ್ದನ್ನೂ ಕತ್ತರಿಸಿ. ಇದು ಅಬ್ಬೆ ರೋಡ್ ಹೆಸರಿನಲ್ಲೇ ಪ್ರಸಿದ್ಧವಾದ ಉಪಾಯ. ಸಣ್ಣ ಕೋಣೆಯಲ್ಲಿ ಕೆಳಗಿನ ಸ್ವರಗಳು ಗುಡುಗುಟ್ಟಿ ಸಾಹಿತ್ಯವನ್ನು ಮುಚ್ಚಿಬಿಡುತ್ತವೆ. ಯಕ್ಷಗಾನದಲ್ಲಿ ಸಾಹಿತ್ಯ ಕೇಳದಿದ್ದರೆ ಮತ್ತೇನು ಉಳಿಯಿತು, ಅಲ್ವಾ?

ಸೆಂಡಿಗೆ ಒಂದು ಡಿಲೇಯನ್ನೂ ಸೇರಿಸಿ, ಅಂದರೆ ಸದ್ದು ಛೇಂಬರಿಗೆ ಚೂರು ತಡವಾಗಿ ಹೋಗಲಿ. ಅಬ್ಬೆ ರೋಡಿನವರು ಟೇಪ್ ಮೆಷಿನ್ ಇಟ್ಟು ಇದನ್ನು ಮಾಡುತ್ತಿದ್ದರು, ನಮಗೆ ಕಂಪ್ಯೂಟರಿನ ಒಂದು ಪ್ಲಗಿನ್ ಸಾಕು. ನಾನು ಸಾಮಾನ್ಯವಾಗಿ 40 ಮಿಲಿಸೆಕೆಂಡ್ ಇಡುತ್ತೇನೆ. ಸದ್ದು ಅಷ್ಟರಲ್ಲಿ ಸುಮಾರು 14 ಮೀಟರ್ ಓಡುತ್ತದೆ. ಹಾಗಾಗಿ ಬಚ್ಚಲು ಮನೆಯೂ ದೇವಸ್ಥಾನದ ಚಂದ್ರಶಾಲೆಯಷ್ಟು ದೊಡ್ಡದಾಗಿ ಕೇಳುತ್ತದೆ.

ಚೆಂಡೆಯನ್ನು ಛೇಂಬರಿಗೆ ಕಳಿಸಲೇಬೇಡಿ. ಅದರ ಪೆಟ್ಟಿಗೆ ಕೋಣೆಯೇ ತುಂಬಿ ಭಾಗವತರು ಮುಳುಗಿಹೋಗುತ್ತಾರೆ. ಮದ್ದಳೆಯದ್ದು ಒಂದು ಚೂರು ಕಳಿಸಿದರೆ ಚಂದ.

ಕೆಲಸಕ್ಕೆ ನಾನು ಕೂರುವುದು ರಾತ್ರಿ 11ರ ನಂತರ. ಬಸ್ಸು ನಿಂತಿರುತ್ತದೆ. ನಸುಕಿಗೆ ಮೀನಿನ ಲಾರಿ ಶುರುವಾಗುವುದರೊಳಗೆ ಮುಗಿಸಬೇಕು.

ಮಳೆಗಾಲದಲ್ಲಿ ಎರಡು ವಿಷಯ ನೆನಪಿರಲಿ. ಕಂಡೆನ್ಸರ್ ಮೈಕನ್ನು ಛೇಂಬರಿನಲ್ಲೇ ಬಿಡಬೇಡಿ, ತೇವಕ್ಕೆ ಚಟಪಟ ಶುರುವಾಗುತ್ತದೆ. ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಸೇರಿಸಿ. ಇನ್ನೊಂದು, ಒಣ ಗಾಳಿಗಿಂತ ತೇವದ ಗಾಳಿ ಮೇಲಿನ ಸ್ವರಗಳನ್ನು ಕಡಿಮೆ ನುಂಗುತ್ತದೆ. ಜನವರಿಯಲ್ಲಿ ಮೆತ್ತಗಿದ್ದ ಅದೇ ಕೋಣೆ ಜುಲೈಯಲ್ಲಿ ಹೊಳೆಯುತ್ತದೆ. ಆದ್ದರಿಂದ ಒಂದು ಪ್ರಸಂಗದ ಪದ್ಯಗಳನ್ನೆಲ್ಲ ಒಂದೇ ವಾರದಲ್ಲಿ ಛೇಂಬರಿಗೆ ಬಿಡಿ, ಬಂದ ಮಾರ್ದನಿಯನ್ನು ಆಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.