ಬ್ಯಾಡ್ಜ್‌ನ ನಟ್ಟನಡುವೆ ಹೆಸರು ಕೂರಿಸುವುದು ಹೇಗೆ?

ದುಂಡನೆಯ ಬ್ಯಾಡ್ಜ್. ಅದರ ಮೇಲೆ ‘ಲಕ್ಷ್ಮಿ’ ಎಂದು ಹೆಸರು. ಕೆಳಗೆ ಇಳಿದ ಒತ್ತು ಅಂಚಿಗೆ ತಾಗಿ ಅರ್ಧ ಕತ್ತರಿಸಿ ಹೋಗಿದೆ. ಮೇಲೆ ಮಾತ್ರ ಬೇಕಾದಷ್ಟು ಜಾಗ ಖಾಲಿ. ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಹಂಚಿದ ಬ್ಯಾಡ್ಜ್‌ಗಳು ಹೀಗಿದ್ದವು. ಪಟ್ಟಿಯಿಂದ ಒಂದೊಂದೇ ಹೆಸರು ತೆಗೆದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದೇ ಮಾಡಿದ್ದರು, ಪಾಪ. ಕಾಲೇಜಿನ ಸರ್ಟಿಫಿಕೇಟ್‌ಗಳಲ್ಲೂ ಇದೇ ತಪ್ಪು ನೋಡಿದ್ದೇನೆ. ತಪ್ಪುವುದು ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ. ಅದನ್ನು ಸರಿ ಮಾಡಿಕೊಂಡರೆ ಯಾವ ಫಾಂಟ್ ಕೊಟ್ಟರೂ ಹೆಸರು ಮಧ್ಯದಲ್ಲೇ ಕೂರುತ್ತದೆ.

ಹೆಜ್ಜೆ 1: ತಯಾರಿ

ಪೈಥಾನ್, ಅದರಲ್ಲಿ ಚಿತ್ರ ಮಾಡಲು ಬಳಸುವ ಪಿಲ್ಲೋ ಲೈಬ್ರರಿ, ಒಂದು ಯೂನಿಕೋಡ್ ಕನ್ನಡ ಫಾಂಟ್. ಇಷ್ಟು ಸಾಕು. ಬ್ಯಾಡ್ಜ್‌ಗೆ ನನ್ನ ಆಯ್ಕೆ ನೋಟೊ ಸಾನ್ಸ್ ಕನ್ನಡ, ದಪ್ಪ ಅಕ್ಷರದ್ದು. ಮಕ್ಕಳ ಕಾರ್ಯಕ್ರಮವಾದರೆ ‘ಬಲೂ ತಮ್ಮ’ ಎಂಬ ಫಾಂಟ್. ಹೆಸರಿನ ಪಟ್ಟಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಎಕ್ಸೆಲ್‌ನಿಂದ ಬಂದ ಹೆಸರುಗಳ ಕೊನೆಯಲ್ಲಿ ಎಷ್ಟೋ ಸಲ ಖಾಲಿ ಸ್ಪೇಸ್ ಉಳಿದಿರುತ್ತದೆ. ಪೈಥಾನ್‌ನ ‘ಸ್ಟ್ರಿಪ್’ ಬಳಸಿ ತೆಗೆಯಿರಿ. ಇಲ್ಲದಿದ್ದರೆ ಅದೂ ಅಳತೆಗೆ ಸೇರಿ ಹೆಸರು ಎಡಕ್ಕೆ ಜರಗುತ್ತದೆ.

ಹೆಜ್ಜೆ 2: ಒತ್ತಕ್ಷರ ಕೂಡುತ್ತಿದೆಯೇ ನೋಡಿ

‘ಪದ್ಮ’ ಎಂದು ಬರೆಸಿ ನೋಡಿ. ದಕ್ಕೆ ಮ ಒತ್ತು ಬರುವ ಬದಲು ‘ದ್’ ಆದ ಮೇಲೆ ಪಕ್ಕದಲ್ಲಿ ಇಡೀ ‘ಮ’ ಬಂತೇ? ಹಾಗಾದರೆ ಅಲ್ಲೇ ನಿಲ್ಲಿಸಿ. ಅಕ್ಷರ ಒಡೆದಿದ್ದರೆ ಅಗಲವೂ ತಪ್ಪು, ಎತ್ತರವೂ ತಪ್ಪು. ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಪಿಲ್ಲೋಗೆ ಕನ್ನಡ ಅಕ್ಷರ ಕೂಡಿಸಿಕೊಡುವುದು ರಕ್ಮ್ ಎಂಬ ಭಾಗ. ಹೆಸರಿನ ಅಕ್ಷರಗಳು ಆರ್, ಎ, ಕ್ಯೂ, ಎಂ. ಪಿಲ್ಲೋದ ‘ಫೀಚರ್ಸ್’ ಒಳಗಿನ ‘ಚೆಕ್’ಗೆ ಈ ಹೆಸರು ಕೊಟ್ಟು ಕೇಳಿ. ‘ಟ್ರೂ’ ಬರಬೇಕು. ‘ಫಾಲ್ಸ್’ ಬಂದರೆ ಸಾಮಾನ್ಯವಾಗಿ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿ ಇರುವುದಿಲ್ಲ. ವಿಂಡೋಸ್‌ನಲ್ಲಿ ಅದರ ಡಿಎಲ್‌ಎಲ್ ಫೈಲನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಉಬುಂಟುವಿನಲ್ಲಿ ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು.

ಪುಕ್ಕಟೆ ಬ್ಯಾಡ್ಜ್ ಮಾಡಿಕೊಡುವ ವೆಬ್‌ಸೈಟ್‌ಗಳ ಸಹವಾಸ ಬೇಡ. ನಾನು ಪ್ರಯತ್ನಿಸಿದ ಎರಡರಲ್ಲೂ ಒತ್ತಕ್ಷರ ಒಡೆದೇ ಬಂತು.

ಹೆಜ್ಜೆ 3: ಅಳತೆ

ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಹಳೆಯ ವಿಡಿಯೊಗಳಲ್ಲಿ ಹೆಸರಿನ ಅಳತೆ ತಿಳಿಯಲು ‘ಟೆಕ್ಸ್ಟ್‌ಸೈಜ್’ ಬಳಸಿ ಎನ್ನುತ್ತಾರೆ. 2023ರಲ್ಲಿ ಬಂದ ಪಿಲ್ಲೋ 10ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಈಗ ಬಳಸಬೇಕಾದದ್ದು ‘ಟೆಕ್ಸ್ಟ್‌ಬಿಬಾಕ್ಸ್’. ಬಾಕ್ಸ್ ಹಿಂದೆ ಇನ್ನೊಂದು ‘ಬಿ’ ಇದೆ, ಮರೆಯಬೇಡಿ. ಸೊನ್ನೆ, ಸೊನ್ನೆ ಜಾಗದಲ್ಲಿ, ಅಂದರೆ ಚಿತ್ರದ ಮೇಲಿನ ಎಡ ಮೂಲೆಯಲ್ಲಿ, ಹೆಸರು ಬರೆದರೆ ಅದು ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ ಎಂದು ಇದು ನಾಲ್ಕು ಅಂಕಿಗಳಲ್ಲಿ ಹೇಳುತ್ತದೆ: ಎಡ, ಮೇಲು, ಬಲ, ಕೆಳಗು.

ಹೆಚ್ಚಿನವರು ಬಲದಿಂದ ಎಡ ಕಳೆದು ಅಗಲ, ಕೆಳಗಿನಿಂದ ಮೇಲು ಕಳೆದು ಎತ್ತರ ಅಂತ ತೆಗೆದುಕೊಳ್ಳುತ್ತಾರೆ. ಅವುಗಳ ಅರ್ಧವನ್ನು ನಡುಬಿಂದುವಿನಿಂದ ಕಳೆದು ಅಲ್ಲಿ ಬರೆದುಬಿಡುತ್ತಾರೆ. ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ‘ಮೇಲು’ ಅನ್ನುವ ಅಂಕಿ ಸೊನ್ನೆ ಅಲ್ಲ. ಪ್ರತಿ ಫಾಂಟ್‌ನಲ್ಲೂ ಅಕ್ಷರದ ತಲೆಯ ಮೇಲೆ ಸ್ವಲ್ಪ ಖಾಲಿ ಜಾಗ ಇರುತ್ತದೆ. ಒಂದರಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ.

ಲೆಕ್ಕ ಹಾಕಿ ನೋಡೋಣ. ವೃತ್ತದ ನಡುಬಿಂದು 300, 300. ಬಂದ ಅಂಕಿಗಳು 2, 31, 242, 111 ಅಂದುಕೊಳ್ಳಿ. ಎತ್ತರ 80, ಅದರ ಅರ್ಧ 40. 260ರಲ್ಲಿ ಬರೆದರೆ ಅಕ್ಷರ ನಿಜವಾಗಿ ಶುರುವಾಗುವುದು 291ರಲ್ಲಿ, ಮುಗಿಯುವುದು 371ರಲ್ಲಿ. ಅಂದರೆ ಹೆಸರಿನ ನಡು 331ರಲ್ಲಿದೆ. ಪೂರಾ 31 ಪಿಕ್ಸೆಲ್ ಕೆಳಗೆ!

ಸರಿಯಾದ ದಾರಿ ಇನ್ನೂ ಸುಲಭ. ಎಡ ಮತ್ತು ಬಲ ಕೂಡಿಸಿ ಅರ್ಧ ಮಾಡಿ: 122. ಮೇಲು ಮತ್ತು ಕೆಳಗು ಕೂಡಿಸಿ ಅರ್ಧ ಮಾಡಿ: 71. ಇವನ್ನು ನಡುಬಿಂದುವಿನಿಂದ ಕಳೆಯಿರಿ. 178, 229ರಲ್ಲಿ ಬರೆಯಿರಿ. ಅಕ್ಷರ 260ರಿಂದ 340ರವರೆಗೆ ಬರುತ್ತದೆ. ನಡು ಸರಿಯಾಗಿ 300. ಕಳೆಯುವ ಬದಲು ಕೂಡಿಸಬೇಕು, ಇಷ್ಟೇ ವ್ಯತ್ಯಾಸ.

ಅಕ್ಷರಕ್ಕೆ ಸುತ್ತಲೂ ಗೆರೆ ಎಳೆಯುತ್ತೀರಾದರೆ ಅದರ ದಪ್ಪವನ್ನು ಬರೆಯುವಾಗ ಮಾತ್ರವಲ್ಲ, ಅಳೆಯುವಾಗಲೂ ಕೊಡಬೇಕು.

ಕೊಟ್ಟ ಬಿಂದುವಿಗೆ ಹೆಸರನ್ನು ಹೇಗೆ ಹೊಂದಿಸಬೇಕೆಂದು ಹೇಳುವ ‘ಎಂಎಂ’ ಎಂಬ ಆ್ಯಂಕರ್ ಹಾಕಿದರೆ ತಾನೇ ಮಧ್ಯಕ್ಕೆ ಬರುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಬರುವುದಿಲ್ಲ. ಅದು ಹಿಡಿಯುವುದು ಫಾಂಟ್ ಮಾಡಿದವರು ಗೊತ್ತು ಮಾಡಿದ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವನ್ನು. ನಿಮ್ಮ ಅಕ್ಷರದ ನಡುವನ್ನಲ್ಲ. ಫಾಂಟ್ ಬದಲಿಸಿದ ಕೂಡಲೇ ಹೆಸರು ಮೇಲೋ ಕೆಳಗೋ ಹೋಗುತ್ತದೆ. ‘ಸುಮ್ನೆ ಐದು ಪಿಕ್ಸೆಲ್ ಮೇಲಕ್ಕೆ ಎತ್ತಿಬಿಡೋಣ’ ಅನ್ನುವುದನ್ನಂತೂ ಮಾಡಲೇಬೇಡಿ.

ಹೆಜ್ಜೆ 4: ಕನ್ನಡಕ್ಕಾಗಿ ಒಂದು ತಿದ್ದುಪಡಿ

ಒಂದೇ ಬ್ಯಾಡ್ಜ್ ಆದರೆ ಮೇಲಿನ ಲೆಕ್ಕ ಸಾಕು. ನೂರು ಬ್ಯಾಡ್ಜ್ ಸಾಲಾಗಿ ಮೇಜಿನ ಮೇಲೆ ಇಡುತ್ತೀರಾದರೆ ಸಾಲದು. ‘ಕಮಲ’ದಲ್ಲಿ ಒತ್ತಿಲ್ಲ. ‘ಕೃಷ್ಣಮೂರ್ತಿ’ಯಲ್ಲಿ ಕೆಳಗೆ ವಟ್ರಸುಳಿ, ಣ ಒತ್ತು. ಎರಡನ್ನೂ ಪೂರ್ತಿ ಅಳತೆಯಿಂದ ನಡುವಿಗೆ ತಂದರೆ ಒತ್ತಿರುವ ಹೆಸರು ಮೇಲಕ್ಕೆ ಏರಿ ಕೂರುತ್ತದೆ. ಪಕ್ಕಪಕ್ಕದಲ್ಲಿ ಇಟ್ಟಾಗ ಸಾಲು ಏರುಪೇರು.

ಅದಕ್ಕೆ ನಾನು ಮಾಡುವುದು ಇದು. ಎಡ ಬಲಕ್ಕೆ ಆ ಹೆಸರಿನದೇ ಅಳತೆ. ಮೇಲೆ ಕೆಳಗೆ ಮಾತ್ರ ‘ಕ’ ಅಕ್ಷರ ಒಂದನ್ನೇ, ಅದೇ ಫಾಂಟ್, ಅದೇ ಗಾತ್ರದಲ್ಲಿ ಅಳೆದು ಆ ಅಂಕಿ ಬಳಸುತ್ತೇನೆ. ಆಗ ಎಲ್ಲ ಹೆಸರುಗಳ ತಲೆಕಟ್ಟು ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಒತ್ತುಗಳು ಕೆಳಗೆ ತಮ್ಮ ಪಾಡಿಗೆ ಇಳಿದಿರುತ್ತವೆ. ಕನ್ನಡ ಓದುವ ಕಣ್ಣಿಗೆ ಇದೇ ಸರಿ ಕಾಣುವುದು. ನೀವೂ ಹೀಗೇ ಮಾಡಿ.

ಹೆಜ್ಜೆ 5: ಆಕಾರದೊಳಗೆ ಹಿಡಿಸುವುದು

ಉದ್ದ ಹೆಸರಿಗೆ ಗಾತ್ರ ಇಳಿಸಬೇಕು. ದೊಡ್ಡ ಗಾತ್ರದಿಂದ ಶುರು ಮಾಡಿ, ಎರಡೆರಡು ಇಳಿಸುತ್ತಾ ಪ್ರತಿ ಸಲ ಅಳೆಯಿರಿ. ಚೌಕಕ್ಕೆ ಅಗಲ, ಎತ್ತರ ನೋಡಿದರೆ ಆಯಿತು. ವೃತ್ತಕ್ಕೆ ಅದು ಸಾಲದು, ಹೆಸರಿನ ಮೂಲೆಗಳು ಹೊರಗೆ ಇಣುಕುತ್ತವೆ. ನಡುಬಿಂದುವಿನಿಂದ ಹೆಸರಿನ ನಾಲ್ಕೂ ಮೂಲೆಗಳಿಗೆ ದೂರ ಲೆಕ್ಕ ಹಾಕಿ. ಅತಿ ದೂರದ್ದು, ತ್ರಿಜ್ಯದಲ್ಲಿ ಅಂಚಿನ ಜಾಗ ಕಳೆದು ಉಳಿದದ್ದಕ್ಕಿಂತ ಕಡಿಮೆ ಇರಬೇಕು. ಇಲ್ಲಿ ‘ಕ’ ಅಳತೆ ಬೇಡ, ಪೂರ್ತಿ ಹೆಸರಿನ ಅಳತೆಯೇ ಬೇಕು. ಲಕ್ಷ್ಮಿಯ ಒತ್ತು ಕತ್ತರಿಸಿದ್ದು ಅಳತೆಯ ತಪ್ಪಿನ ಜೊತೆಗೆ ಇದನ್ನೂ ನೋಡದೆ ಬಿಟ್ಟಿದ್ದರಿಂದ.

ತ್ರಿಕೋನವಾದರೆ ಎತ್ತರದ ಅರ್ಧ ಹಿಡಿಯಬೇಡಿ. 300 ಪಿಕ್ಸೆಲ್ ಎತ್ತರದ ತ್ರಿಕೋನದಲ್ಲಿ ಬುಡದಿಂದ 100ರಲ್ಲಿ ನಡು ಇದೆ.

ಹೆಜ್ಜೆ 6: ಪರೀಕ್ಷೆ

ನಡುಬಿಂದುವಿನಲ್ಲಿ ಕೂಡಿಸುವ ಚಿಹ್ನೆಯಂತೆ (+) ಕೆಂಪು ಗೆರೆ ಎಳೆಸಿ, ಕಮಲ, ಲಕ್ಷ್ಮಿ, ಕೃಷ್ಣಮೂರ್ತಿ ಮೂರನ್ನೂ ಬರೆಸಿ. ಅಲಂಕಾರದ ಫಾಂಟ್ ಮೇಲೆ ಅನುಮಾನವಿದ್ದರೆ ಕಪ್ಪು ಚಿತ್ರದ ಮೇಲೆ ಬಿಳಿ ಅಕ್ಷರದಲ್ಲಿ ಬರೆದು ಆ ಚಿತ್ರದ್ದೇ ‘ಗೆಟ್‌ಬಿಬಾಕ್ಸ್’ ಕೇಳಿ. ಬಣ್ಣ ಬಿದ್ದ ಪಿಕ್ಸೆಲ್ ಎಲ್ಲಿಂದ ಎಲ್ಲಿಯವರೆಗೆ ಎಂದು ಅದು ನೇರವಾಗಿ ಹೇಳುತ್ತದೆ. ಆಮೇಲೆ ಕೆಂಪು ಗೆರೆ ತೆಗೆದು, ಒಂದೇ ಒಂದು ಹಾಳೆ ಪ್ರಿಂಟ್ ಮಾಡಿಸಿ. ಬ್ಯಾಡ್ಜಿನ ಅಳತೆಗೆ ಕತ್ತರಿಸಿ, ಪಿನ್ ಹಾಕಿ, ಅಂಗಿಯ ಮೇಲೆ ಇಟ್ಟು ನೋಡಿ. ಉಳಿದ ಹಾಳೆಗಳನ್ನು ಅದಾದ ಮೇಲೆ ಪ್ರಿಂಟ್‌ಗೆ ಕೊಡಿ.