ಟಾರ್ಚ್ ಹಾಕಿ ನೋಡಿದ ಮೇಲೆಯೇ ಲೆಗ್ ಎತ್ತುವುದು

ಮಂಗಳೂರಿನ ಬೈಕಂಪಾಡಿಯ ಒಂದು ಯಾರ್ಡ್, ಮಳೆಗಾಲದ ಸಂಜೆ. ಲೋಡ್ ಆಗಿದ್ದ ಟ್ರೈಲರ್‌ಗೆ ಹಾರ್ಸ್ ಕಟ್ಟುತ್ತಿದ್ದೆವು. ಮುಂದಿನ ಎಳೆಯುವ ಗಾಡಿಗೆ ನಾವು ಹಾರ್ಸ್ ಅನ್ನುತ್ತೇವೆ. ಡ್ರೈವರ್ ರಿವರ್ಸ್ ಬಂದ, "ಟಕ್" ಅಂತ ಶಬ್ದ ಬಂತು. "ಲಾಕ್ ಆಯ್ತು ಅಣ್ಣಾ" ಅಂದ. ಲಾಕಿನ ಹ್ಯಾಂಡಲ್ ಕೂಡ ಒಳಗೆ ಹೋಗಿತ್ತು. ಶಿರಾಡಿ ಘಾಟಿಯಲ್ಲಿ ಜಾಮ್ ಆಗುವ ಮೊದಲು ಹೊರಡಬೇಕಿತ್ತು. ಹಾರ್ಸ್ ಇಲ್ಲದಾಗ ಟ್ರೈಲರ್‌ನ ಮುಂಭಾಗ ಹೊರುವ ಕಾಲಿಗೆ ಲ್ಯಾಂಡಿಂಗ್ ಲೆಗ್ ಅನ್ನುತ್ತಾರೆ. ಜೊತೆಗಿದ್ದ ಹುಡುಗನಿಗೆ ಅದನ್ನು ಎತ್ತಲು ನಾನೇ ಹೇಳಿದೆ.

ಗಾಡಿ ಎರಡು ಅಡಿ ಮುಂದೆ ಹೋಯಿತು. ಟ್ರೈಲರ್ ಹೋಗಲಿಲ್ಲ. ಅದರ ಮೂತಿ ದಬ್ ಅಂತ ನೆಲಕ್ಕೆ ಬಿತ್ತು. ಗಾಳಿ ಪೈಪ್ ಕಿತ್ತು ಬಂತು, ಲೆಗ್ ಎರಡೂ ಸೊಟ್ಟಗಾದವು. ಒಂದು ನಿಮಿಷ ಮೊದಲು ಹುಡುಗ ಅಲ್ಲೇ ನಿಂತು ಲೆಗ್ ಎತ್ತುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಿದ್ದು ಇಷ್ಟೇ. ನೆಲ ಇಳಿಜಾರು, ಟ್ರೈಲರ್ ಎರಡು ಇಂಚು ಎತ್ತರಕ್ಕೆ ನಿಂತಿತ್ತು. ಟ್ರೈಲರ್ ಅಡಿಯಲ್ಲಿರುವ ಉಕ್ಕಿನ ಗೂಟವೇ ಕಿಂಗ್ ಪಿನ್. ಹಾರ್ಸ್ ಮೇಲಿನ ತಟ್ಟೆಯೇ ಫಿಫ್ತ್ ವೀಲ್, ಅದರೊಳಗೆ ಪಿನ್ ಹಿಡಿಯುವ ದವಡೆಯೇ ಜಾ. ಪಿನ್ ಜಾಗಕ್ಕೆ ಇಳಿಯುವ ಬದಲು ಜಾ ಮೇಲೆ ಕೂತಿತ್ತು. ಖಾಲಿ ಜಾ ಮುಚ್ಚಿಕೊಂಡಿತ್ತು. ಶಬ್ದ ಬಂದಿದ್ದು, ಹ್ಯಾಂಡಲ್ ಒಳಗೆ ಹೋಗಿದ್ದು ಅದಕ್ಕೇ. ಶಬ್ದ, ಹ್ಯಾಂಡಲ್ ಎರಡನ್ನೂ ನಂಬಬಾರದು ಅಂತ ನನಗೆ ಗೊತ್ತಾಗಿದ್ದು ಹೀಗೆ.

ಈಗ ನಮ್ಮಲ್ಲಿ ಬೇರೆ ಕ್ರಮ. ಹಿಂದೆ ಬರುವ ಮೊದಲು ಇಳಿದು ಎತ್ತರ ನೋಡಬೇಕು. ಟ್ರೈಲರ್ ಅಡಿಯ ತಟ್ಟೆ ಫಿಫ್ತ್ ವೀಲ್‌ಗಿಂತ ಸ್ವಲ್ಪವೇ ತಗ್ಗಿರಬೇಕು, ಹಾರ್ಸ್ ಅದನ್ನು ಎತ್ತಿಕೊಂಡು ಒಳಗೆ ಹೋಗಬೇಕು. ಸೇರಿದ ಮೇಲೆ ಟ್ರೈಲರ್ ಬ್ರೇಕ್ ಹಿಡಿದು, ಕಡಿಮೆ ಗೇರಲ್ಲಿ ಮುಂದಕ್ಕೆ ಮೆಲ್ಲಗೆ ಎಳೆದು ನೋಡಬೇಕು. ಆಮೇಲೆ ಟಾರ್ಚ್ ಹಿಡಿದು ಹಿಂದಿನಿಂದ ಬಗ್ಗಿ ನೋಡಬೇಕು. ಜಾ ಪಿನ್ನಿನ ಸುತ್ತ ಮುಚ್ಚಿರಬೇಕು. ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು. ಇಷ್ಟೆಲ್ಲ ಆಗುವವರೆಗೂ ಲೆಗ್ ನೆಲದ ಮೇಲೇ ಇರಬೇಕು. ಎಳೆದು ನೋಡಿದರೆ ಸಾಲದು. ಲಾಕ್ ಆಗದಿದ್ದರೂ ತಟ್ಟೆಗಳು ಭಾರಕ್ಕೆ ಅಂಟಿಕೊಂಡು ಒಮ್ಮೊಮ್ಮೆ ಸುಮ್ನೆ ಹಿಡಿದ ಹಾಗೆ ಅನ್ನಿಸುತ್ತದೆ.

ಎರಡನೇ ಟ್ರೈಲರ್ ಕೊಳ್ಳುವಾಗ ಇನ್ನೊಂದು ಪಾಠ ಆಯಿತು. ಸೆಕೆಂಡ್ ಹ್ಯಾಂಡ್ ಗಾಡಿ, ಬೆಲೆ ಚೆನ್ನಾಗಿತ್ತು. ಅಳೆದು ನೋಡಿದರೆ ಅದರ ಪಿನ್ ಮೂರೂವರೆ ಇಂಚು. ನನ್ನ ಹಾರ್ಸ್‌ಗಳೆಲ್ಲ ಎರಡು ಇಂಚಿನವು. ನಮ್ಮಲ್ಲಿ ಎರಡೂ ಅಳತೆ ಓಡುತ್ತವೆ, ಅದೇ ತೊಂದರೆ. ಆಗ ಒಬ್ಬ ಮೆಕ್ಯಾನಿಕ್ ಕೊಟ್ಟ ಸಲಹೆ ಕೇಳಿ ಗಾಬರಿಯಾಯಿತು. ಎರಡು ಇಂಚಿನ ಪಿನ್ ಹಾಕಿಸಿ, ದೊಡ್ಡ ಹಾರ್ಸ್‌ಗೂ ಬೇಕಾದಾಗ ಅದರ ಮೇಲೊಂದು ಕಬ್ಬಿಣದ ಬುಶ್ ತೊಡಿಸೋಣ ಅಂದ. ಖಂಡಿತ ಬೇಡ. ಕಿಂಗ್ ಪಿನ್ ಶಾಖ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಅದಕ್ಕೆ ಬುಶ್ ಸಿಕ್ಕಿಸುವುದು, ಸವೆದ ಜಾಗ ವೆಲ್ಡ್ ಮಾಡಿ ತುಂಬುವುದು, ಎರಡೂ ಪ್ರಾಣಕ್ಕೆ ಕುತ್ತು. ಆ ಟ್ರೈಲರ್ ಬಿಟ್ಟು ಬಂದೆ. ಈಗ ನನ್ನ ಮೂರೂ ಟ್ರೈಲರ್ ಎರಡು ಇಂಚಿನವೇ. ಯಾವ ಹಾರ್ಸ್ ಯಾವುದಕ್ಕೆ ಬೇಕಾದರೂ ಕಟ್ಟಬಹುದು.

ಫಿಫ್ತ್ ವೀಲ್ ಕೊಳ್ಳುವಾಗ ಅಂಗಡಿಯವರು "ಇಪ್ಪತ್ತು ಟನ್ನಿಂದು" ಅಂತ ಒಂದೇ ಮಾತು ಹೇಳುತ್ತಾರೆ. ಅದು ಮೇಲೆ ಕೂರುವ ಭಾರ ಮಾತ್ರ. ಎಳೆತದ ಜೋರಿಗೆ ಡಿ ಮೌಲ್ಯ ಅಂತ ಇನ್ನೊಂದು ಅಂಕಿ ಇದೆ. ಪ್ಲೇಟ್ ಮೇಲೆ ಬರೆದಿರುತ್ತದೆ, ನೋಡುವವರು ಕಡಿಮೆ. ನನ್ನ 55 ಟನ್ನಿನ ಆರು ಆಕ್ಸಲ್ ಗಾಡಿಗೆ ಲೆಕ್ಕ ಹಾಕಿದ್ದು ಹೀಗೆ. ಖಾಲಿ ಹಾರ್ಸ್ 9 ಟನ್, ಅದರ ಮೇಲೆ ಕೂರುವ ಭಾರ 19, ಸೇರಿ 28. ಸರಕು ಸಮೇತ ಟ್ರೈಲರ್ 46. ಮೊದಲು 28ನ್ನು 46ರಿಂದ ಗುಣಿಸಿ. ಬಂದದ್ದನ್ನು 0.6ರಿಂದ, ಆಮೇಲೆ 9.81ರಿಂದ ಗುಣಿಸಿ. ಕೊನೆಗೆ ಒಟ್ಟು ತೂಕ 55ರಿಂದ, ಅಂದರೆ 9 ಮತ್ತು 46 ಸೇರಿದ್ದರಿಂದ, ಭಾಗಿಸಿ. ಸುಮಾರು 138 ಕಿಲೋನ್ಯೂಟನ್ ಬರುತ್ತದೆ. ನಾನು ತಂದದ್ದು 152ರದ್ದು. 2018ರಲ್ಲಿ ಆಕ್ಸಲ್ ಭಾರದ ಮಿತಿ ಏರಿಸಿದರು, ಜೋಡಿ ಆಕ್ಸಲ್‌ಗೆ 19 ಟನ್ ಇದ್ದದ್ದು 21 ಆಯಿತು. ಅದಕ್ಕೂ ಹಳೆಯ ಫಿಫ್ತ್ ವೀಲ್ ಇಟ್ಟುಕೊಂಡವರು ಈ ಲೆಕ್ಕ ಇನ್ನೊಮ್ಮೆ ಹಾಕಲೇಬೇಕು.

ಇನ್ನು ಫಿಫ್ತ್ ವೀಲ್ ತಟ್ಟೆಗೆ ಹಚ್ಚುವ ಗ್ರೀಸ್. ಹಳೆಯದರ ಮೇಲೆ ಹೊಸದು ಬಳಿಯುವುದೇ ನಮ್ಮಲ್ಲಿ ಜಾಸ್ತಿ. ಬಂದರಿನ ಕಲ್ಲಿದ್ದಲು ಪುಡಿ, ಘಾಟಿಯ ಕೆಸರು ಎಲ್ಲ ಅದರಲ್ಲಿ ಸೇರಿರುತ್ತದೆ. ಅದು ಗ್ರೀಸ್ ಅಲ್ಲ, ಅರ ಇದ್ದ ಹಾಗೆ. ನಾವು ತಿಂಗಳಿಗೊಮ್ಮೆ ಹಾರ್ಸ್ ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಭಾರಿ ಒತ್ತಡ ತಾಳುವ ಹೊಸ ಇಪಿ ಗ್ರೀಸ್ ಹಚ್ಚುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಜಾ ಒಳಗೂ ಹಚ್ಚಬೇಕು. ತಟ್ಟೆ ಒಣಗಿದರೆ ಮೊದಲು ಗೊತ್ತಾಗುವುದು ಡ್ರೈವರ್‌ಗೆ. ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಶಿರಾಡಿಯ ಮಾರನಹಳ್ಳಿ ತಿರುವುಗಳಲ್ಲಿ ಹಾಗಾದರೆ ಎಷ್ಟು ಕಷ್ಟ ಅಂತ ಅಲ್ಲಿ ಓಡಿಸಿದವರಿಗೇ ಗೊತ್ತು. ಮುಂದಿನ ಟೈರ್ ಬೇರೆ ಬೇಗ ಸವೆಯುತ್ತದೆ.

ಒರೆಸಿದ ದಿನವೇ ಪಿನ್ ಅಳೆಯುತ್ತೇನೆ. ಹೊಸ ಎರಡು ಇಂಚಿನ ಪಿನ್ 50.8 ಮಿಲಿಮೀಟರ್. 49ಕ್ಕೆ ಇಳಿದರೆ ತೆಗೆದು ಹಾಕಬೇಕು. ಪಿನ್ ಸುತ್ತಲೂ ಒಂದೇ ಸಮ ಸವೆಯುವುದಿಲ್ಲ. ವರ್ನಿಯರ್ ಅಳತೆಗೋಲು ಹಿಂದೆ ಮುಂದೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಹಿಡಿಯಬೇಕು. ಆಕ್ಸಿಲರೇಟರ್ ಬಿಟ್ಟು ಒತ್ತುವಾಗೆಲ್ಲ ಬೆನ್ನಿಗೆ ಗುದ್ದಿದ ಹಾಗೆ ಆದರೆ ಸಡಿಲ ಬಂದಿದೆ ಅಂತ. ಜಾ ಬಿಗಿ ಮಾಡಲು ಅಡ್ಜಸ್ಟ್ ಬೋಲ್ಟ್ ಇದೆ. ಆದರೆ ಪಿನ್ನೇ ಸವೆದಿದ್ದರೆ ಬೋಲ್ಟ್ ತಿರುಗಿಸಿ ಮುಚ್ಚಿಡಬೇಡಿ.

ನಾನು ಪ್ರತಿ ಸಲ ಯಾರ್ಡಿನಲ್ಲಿ ಇರಲು ಆಗುವುದಿಲ್ಲ. ಅದಕ್ಕೆ ಹಾರ್ಸ್ ಕಟ್ಟಿದಾಗೆಲ್ಲ ಜಾ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿ ಅಂತ ಹೇಳಿದ್ದೇನೆ. ಮೊದಲು ಬೇಸರ ಮಾಡಿಕೊಂಡರು. ನಿನ್ನೆ ರಾತ್ರಿ ಹನ್ನೊಂದಕ್ಕೆ ಒಂದು ಬಂತು. ಅದೇ ಹುಡುಗ ತೆಗೆದದ್ದು, ಅವನೀಗ ಲೈಸೆನ್ಸ್ ಮಾಡಿಸಿ ನನ್ನ ಗಾಡಿಯನ್ನೇ ಓಡಿಸುತ್ತಾನೆ. ಮಳೆ ಹನಿ ಬಿದ್ದು ಫೋಟೊ ಮಬ್ಬಾಗಿತ್ತು, ಪಿನ್ ಸರಿಯಾಗಿ ಕಾಣಲಿಲ್ಲ. ಇನ್ನೊಂದು ಕಳಿಸು ಅಂದೆ. ಕಳಿಸಿದ. ಆಮೇಲೆ ಹೊರಡು ಅಂದೆ.